ಹನ್ನೆರಡರ ಗಂಟೆ

ಹನ್ನೆರಡಕ್ಕೆ ಇಗರ್ಜಿಯ ಗಂಟೆ ಹೊಡೆಯಿತೆಂದರೆ ಆ ಕಾನ್ವೆಂಟ್ ಹೈಸ್ಕೂಲಿನಲ್ಲಿ ಯಾರೇ ಇರಲಿ, ಎದ್ದು ನಿಂತು ಮೌನವಾಗಿ ಪ್ರಾರ್ಥನೆ ಮಾಡಲೇಬೇಕು. ವಿದ್ಯಾರ್ಥಿ ನಾಯಕಿ ಚುನಾವಣೆಯ ಭಾಷಣದ ದಿನ ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಎಮರೆನ್ಸಿಯಾ ತಮ್ಮ ಮೆಚ್ಚಿನ ಶಾರ್ಲೆಟ್‌ಗೆ ಅರ್ಧ ಗಂಟೆ ಕೊಟ್ಟರು. ಟೈಲರ್ ಮಗಳು ಸೆವೆರಿನ್‌ಗೆ ಉಳಿದದ್ದು ಒಂದೇ ನಿಮಿಷ.

“ಗಂಟೆ ಹೊಡೆದ ಮೇಲೆ ಒಂದು ಮಾತೂ ಕೂಡದು,” ಎಂದು ಗದರಿ ಸಿಸ್ಟರ್ ಕುರ್ಚಿಗೆ ಒರಗಿದರು.

ಹುಡುಗಿ ಅವಸರವನ್ನೇ ಮಾಡಲಿಲ್ಲ. ಸಾವಕಾಶವಾಗಿ ವೇದಿಕೆ ಹತ್ತಿದಳು. ಗೋಡೆಯ ಗಡಿಯಾರ ನೋಡಿದಳು.

“ನಮ್ಮ ಲೈಬ್ರರಿಗೆ ಸದಾ ಬೀಗ. ಅದು ದಿನಾ ತೆರೆದಿರಬೇಕು ಅನ್ನುವವರು ದಯವಿಟ್ಟು ಎದ್ದು ನಿಲ್ಲಿ.”

ಢಣ್!

ನಾನೂರು ಹುಡುಗಿಯರು ಎದ್ದರು. ಟೀಚರುಗಳು ಎದ್ದರು. ಶಾರ್ಲೆಟ್ ಕೂಡ ಎದ್ದಳು. ಎಲ್ಲರಿಗಿಂತ ಮೊದಲು ಎದ್ದವರು ಸಿಸ್ಟರೇ! ಇನ್ನು ಕೂರುವಂತಿಲ್ಲ, ಬಾಯಿ ಬಿಡುವಂತಿಲ್ಲ. ಎದ್ದು ನಿಂತ ಇಡೀ ಸಭೆಯನ್ನು ಕಂಡು ಅವರಿಗೆ ಮೈ ಜುಮ್ಮೆಂದಿತು. ಇಪ್ಪತ್ತು ವರ್ಷದಲ್ಲಿ ಇಂಥ ಜಾಣೆಯನ್ನು ಅವರು ಕಂಡಿರಲಿಲ್ಲ.

ಪ್ರಾರ್ಥನೆ ಮುಗಿಯಿತು. “ಉಪಕಾರ ಆಯ್ತು, ಸಿಸ್ಟರ್,” ಎಂದು ಸೆವೆರಿನ್ ಕೈಮುಗಿದಳು.

ಸಿಸ್ಟರ್ ಸೊಂಟದ ಗೊಂಚಲಿನಿಂದ ಲೈಬ್ರರಿಯ ಬೀಗದ ಕೈ ಬಿಚ್ಚಿದರು.

“ಮತ ಎಣಿಸುವುದು ನಾಳೆ. ಇದನ್ನು ಇವತ್ತೇ ಇಟ್ಟುಕೋ, ಮಗಾ.”