ಐದು ಗಿಗಾಹರ್ಟ್ಸಿನ ಆಸೆ

ಹೊಳೆಯ ದಂಡೆಯ ಮೇಲೊಂದು ಮಠ. ಅಲ್ಲಿನ ಅಜ್ಜಾರಿಗೆ ಇಬ್ಬರು ಶಿಷ್ಯರು, ಚನ್ನವೀರ ಮತ್ತು ಶಾಂತಯ್ಯ. ಹೆಸರಿಗಷ್ಟೇ ಶಾಂತಯ್ಯ.

ಮಠದ ತಾಡೋಲೆಗಳ ಫೋಟೋ ತೆಗೆದಿಟ್ಟಿದ್ದರು. ಮಸುಕಾದ ಅಕ್ಷರ ಬಿಡಿಸುವುದು ಕಂಪ್ಯೂಟರಿನ ಕೆಲಸ. ಅಜ್ಜಾರು ಇಬ್ಬರಿಗೂ ಒಂದೇ ತರದ ಪ್ರೊಸೆಸರ್ ಇದ್ದ ಕಂಪ್ಯೂಟರ್ ಕೊಟ್ಟರು.

"ಕಂಪನಿಯವರು ಇಟ್ಟ ವೇಗಕ್ಕಿಂತ ಜಾಸ್ತಿ ಓಡಿಸ್ರಿ. ಯಾರದು ಮುಂಜಾನಿಂದ ಸಂಜೀತನಾ ನಿಲ್ಲದ ಓಡತೈತಿ, ತಾಡೋಲಿ ಕೆಲಸ ಅವರಿಗೆ."

ಶಾಂತಯ್ಯನಿಗೆ ಆ ಕೆಲಸ ಬೇಕಾಗಿತ್ತು. ಅದಕ್ಕಿಂತ ಹೆಚ್ಚಾಗಿ, ಅದು ಚನ್ನವೀರನಿಗೆ ಸಿಗಬಾರದಾಗಿತ್ತು.

ಚನ್ನವೀರನದು ಐದು ಗಿಗಾಹರ್ಟ್ಸ್ ವೇಗದಲ್ಲಿ ಓಡತೊಡಗಿತು. ಶಾಂತಯ್ಯ ಕದ್ದು ನೋಡಿ ಅಷ್ಟೇ ವೇಗ, ಅಷ್ಟೇ ವೋಲ್ಟೇಜ್ ಇಟ್ಟ. ಹತ್ತೇ ನಿಮಿಷಕ್ಕೆ ಸ್ಕ್ರೀನ್ ನೀಲಿಯಾಗಿ ಮಿಷನ್ ನಿಂತಿತು. ವೋಲ್ಟೇಜ್ ಏರಿಸಿದ. ಪ್ರೊಸೆಸರ್ ಕಾದು ಕಂಪ್ಯೂಟರೇ ಆರಿಹೋಯಿತು.

ನೇರ ಅಜ್ಜಾರ ಮುಂದೆ ಹೋಗಿ ನಿಂತ.

"ಅಜ್ಜಾರ, ಚಲೋದು ಅವಂಗ ಕೊಟ್ಟೀರಿ. ನನಗ ಕೊಟ್ಟಿದ್ದು ಕಳಪೆ."

"ಹೌದೇನು?" ಅಜ್ಜಾರು ಎದ್ದು ಬಂದರು. "ಹಂಗಾದ್ರ ನೀ ಅವನ ಮಿಷನ್ ಮುಂದ ಕೂಡು. ಅವ ನಿನ್ನದರ ಮುಂದ ಕೂಡ್ಲಿ. ಪರೀಕ್ಷಾ ಮೂರನೇ ದಿನಕ್ಕ."

ಚನ್ನವೀರ ಎದ್ದು ಹೋಗಿ ಆ ಮಿಷನ್ ಮುಂದೆ ಕೂತ. ಶಾಂತಯ್ಯನಿಗೆ ಹಾಲು ಕುಡಿದಷ್ಟು ಸಂತೋಷ.

ಆ ಸಂತೋಷ ಎರಡು ದಿನ ಬಾಳಿತು. ಚನ್ನವೀರ ಶಾಂತಯ್ಯನ ಹಳೆಯ ಮಿಷನ್ ಎಷ್ಟು ತಾಳುತ್ತದೆಂದು ತಿಳಿಯಲು ಅದರ ವೇಗ ಪೂರ್ತಿ ಇಳಿಸಿ, ಒಂದೊಂದೇ ಹೆಜ್ಜೆ ಏರಿಸುತ್ತ, ಪ್ರತಿ ಹೆಜ್ಜೆಗೂ ತಾಸುಗಟ್ಟಲೆ ಓಡಿಸಿ ನೋಡುತ್ತ ಕೂತಿದ್ದ. ಅವನ ಬಗ್ಗಿದ ಬೆನ್ನು ನೋಡಿ ನೋಡಿ ಶಾಂತಯ್ಯನಿಗೆ ತಡೆಯಲಾಗಲಿಲ್ಲ. ಮೂರನೇ ದಿನ ಮುಂಜಾನೆ, ಐದಕ್ಕೆ ಸರಾಗ ಓಡುತ್ತಿದ್ದುದನ್ನು ಐದೂವರೆಗೆ ಏರಿಸಿದ. ಸ್ಕ್ರೀನ್ ನೀಲಿಯಾಯಿತು.

ಅದೇ ದಿನ ಚನ್ನವೀರನ ಮಿಷನ್ ಬೆಳಗಿನಿಂದ ಸಂಜೆಯವರೆಗೆ ಓಡಿತು. ಶಾಂತಯ್ಯ ಮತ್ತೆ ಅಜ್ಜಾರ ಹತ್ತಿರ ಬಂದ.

"ಅಜ್ಜಾರ, ನನ್ನ ಹಳೇದು ನನಗ ಕೊಡಿಸ್ರಿ. ಅದ ಚಲೋ ಇತ್ತು."

ಅಜ್ಜಾರು ನಕ್ಕರು. "ಅವ ಎಷ್ಟಕ್ಕ ಓಡಿಸ್ಯಾನ?"

"ನಾಕೂವರೆಗೆ."

"ನಿನ್ನ ಕಡೆ ಇದ್ದದ್ದು ಐದಕ್ಕ ಓಡತಿತ್ತಲ್ಲೋ. ಮತ್ಯಾಕ ಏರಿಸಿದಿ?"

"ಅವ ನನ್ನದರಾಗ ಇನ್ನೂ ಜಾಸ್ತಿ ವೇಗ ತಗೀತಾನೇನೋ ಅಂತ..."

ಮಾತು ಬಾಯಿಂದ ಬಿದ್ದ ಮೇಲೆ ಶಾಂತಯ್ಯನಿಗೆ ನಾಚಿಕೆಯಾಯಿತು. ಆದರೂ ಕೇಳದೆ ಇರಲಾಗಲಿಲ್ಲ.

"ಓಲಿ ಕೆಲಸ ಅವಂಗ ಹೋತೇನ್ರಿ?"

"ಹೋತು."

"ನಾ ಎಲ್ಲಿ ತಪ್ಪಿದೆ, ಅಜ್ಜಾರ?"

"ಮೂರು ಸಲ ನಿನ್ನ ಮಿಷನ್ ನಿಂತಿತು, ತಮ್ಮಾ. ನಿಂತಾಗೆಲ್ಲ ನೀ ಯಾರ ಸ್ಕ್ರೀನ್ ನೋಡಿದಿ?"