ಸಿಡಿಕಾಯಿ ಬಳ್ಳಿಯ ಮೂರು ಬೀಜ

ಬಾ ನಾಗೂ, ನನ್ನ ಮಗ್ಗುಲಿಗೆ ಬಾ. ಕಾಲು ನೆಟ್ಟಗೆ ಚಾಚು, ಒದೀಬೇಡ. ಹೆದರಿಕೆ ಕತೆನೇ ಬೇಕು ಅಂತ ಹಟ ಹಿಡಿದಿದ್ದು ನೀನು, ಆಮೇಲೆ ಹಿತ್ತಲಿಗೆ ಹೋಗೋಕೂ ಅಜ್ಜಿ ಜೊತೇಲಿ ಬಾ ಅಂದ್ರೆ ನಾನು ಏಳೋಳಲ್ಲ, ಹೇಳಿದೀನಿ. ಮಧ್ಯೆ ಮಧ್ಯೆ ಹೂಂ ಅಂತಿರು. ಗೋಡೆಗೆ ಕತೆ ಹೇಳೋ ಕರ್ಮ ನಂಗಿಲ್ಲ.

ಈ ಬೆಟ್ಟಕ್ಕೆ ದಾರಿ ಅನ್ನೋದೇ ಇಲ್ಲದ ಒಂದು ಕಾಲ ಇತ್ತಂತೆ. ಆವಾಗ ಇಲ್ಲಿ ಬೇದಯ್ಯ ಅಂತ ಒಬ್ಬ ಇದ್ದನಂತೆ. ಹೆಂಡತಿ ತೀರಿಕೊಂಡಿದ್ಳು, ಮೂರು ಹೆಣ್ಣುಮಕ್ಕಳು. ದೊಡ್ಡೋಳು ಮಾರಿ, ನಡುವಿನೋಳು ಕೆಂಚಿ, ಕಿರಿಯೋಳು ಜಡೆಮಾದಿ. ಜೇನು ಕಿತ್ತು, ಗೆಣಸು ಅಗೆದು, ಗುಡಿಸಲ ಹಿಂದೆ ಒಂದು ಚೂರು ಹುರುಳಿ ಬಿತ್ಕೊಂಡು, ಮೂವರನ್ನೂ ಅಂಗೈಯಲ್ಲಿಟ್ಟು ಸಾಕ್ತಿದ್ದನಂತೆ.

ಬೆಟ್ಟದ ನೆತ್ತೀಲಿ ಒಂದು ಬಳ್ಳಿ, ಸಿಡಿಕಾಯಿ ಬಳ್ಳಿ ಅಂತ. ಲೋಕಕ್ಕೆಲ್ಲ ಅದೊಂದೇ. ಹನ್ನೆರಡು ವರ್ಷಕ್ಕೆ ಒಂದು ಸಲ ಹೂ ಬಿಡೋದಂತೆ, ಅವರೆ ಹೂವಿನ ಥರದ್ದೇ, ಆದ್ರೆ ಕಪ್ಪಗೆ. ಆಮೇಲೆ ಕಾಯಿ. ನಿನ್ನ ತೋಳುದ್ದ ಇರೋದು, ಕುಡುಗೋಲಿನಂಗೆ ಬಾಗಿರೋದು, ಮೈಯೆಲ್ಲ ಹೊಂಬಣ್ಣದ ಸಣ್ಣ ಕೂದಲು, ತಾಗಿದ್ರೆ ಚರ್ಮದೊಳಕ್ಕೇ ಇಳಿಯೋದು. ಒಂದು ಕಾಯಿಗೆ ಮೂರೇ ಬೀಜ, ಒಂದೊಂದಕ್ಕೂ ಬೇರೆ ಕೋಣೆ, ಕೆಂಪಗೆ ಎಣ್ಣೆ ಸವರಿದಂಗೆ ಮಿರಮಿರ ಅನ್ನೋ ಬೀಜ. ಕಾಯಿ ಬಿಸಿಲಿಗೆ ಒಣಗಿ ಒಣಗಿ, ಒಂದಿನ ನಡುಮಧ್ಯಾಹ್ನ ಸಿಪ್ಪೆ ಎರಡೂ ತಿರುಚಿಕೊಂಡು ಫಟ್ ಅಂತ ಸಿಡಿಯೋದು, ಬೀಜ ಹಾರಿ ಎಲ್ಲೋ ಕೊರಕಲಿಗೆ ಬೀಳೋದು. ನೇತಾಡೋ ಕಾಯಿಗೆ ಮಾತ್ರ ಯಾರೂ ಕೈ ಹಾಕ್ತಿರಲಿಲ್ಲ, ಯಾಕಂದ್ರೆ ಅದಕ್ಕೆ ಕಾಡವ್ವ ಕಾವಲು. ಬೆಟ್ಟದೋರಿಗೆ ಇನ್ನೊಂದು ಕಟ್ಟಳೆನೂ ಇತ್ತಂತೆ. ತಿನ್ನೋ ಕಾಳನ್ನ ಕುಟ್ಟು, ಬೀಸು, ಏನಾದ್ರೂ ಮಾಡ್ಕೋ, ಬಿತ್ತೋ ಬೀಜಕ್ಕೆ ಮಾತ್ರ ಉಗುರೂ ತಾಗಬಾರದು, ಗಾಯ ಮಾಡಿದೋರ ವಂಶ ನಿಲ್ಲಲ್ಲ ಅಂತ.

ಆ ವರ್ಷ ಬಳ್ಳಿ ಕಾಯಿ ಕಚ್ಚಿತ್ತು. ಈ ಮೂರು ಹುಡುಗೀರಿಗೂ ಕೊರಳಿಗೆ ಕಟ್ಟಿಕೊಳ್ಳೋಕೆ ಆ ಕೆಂಪು ಬೀಜ ಬೇಕೇ ಬೇಕು ಅಂತ ಆಸೆ ಹತ್ತಿಬಿಡ್ತು. ಅಪ್ಪ ನಂಗೊಂದು, ಅಪ್ಪ ನಂಗೊಂದು ಅಂತ ಕೂತ್ರೆ ನಿಂತ್ರೆ ಇದೇ ಗೋಳು. ಅದರಲ್ಲೂ ಜಡೆಮಾದಿ, ನಿನ್ನಂಗೇ ಹಟಮಾರಿ, ಉಣ್ಣೋಕೂ ಒಲ್ಲೆ ಅಂದ್ಳಂತೆ. ತಾಯಿಲ್ಲದ ಮಕ್ಕಳು ನೋಡು, ಅಪ್ಪನ ಕರುಳು ಕರಗ್ತು. ಕಾಯಿ ಹೆಂಗೂ ಒಣಗಿದೆ, ನಾಳೆ ಸಿಡಿಯೋದನ್ನ ಇವತ್ತು ಕಿತ್ರೆ ಏನಾದೀತು ಅಂದ್ಕೊಂಡು ಹತ್ತಿ ಹೋದನಂತೆ.

ಹೋದೋನು ಬರಲಿಲ್ಲ.

ಮಾರನೇ ದಿನ ಮೂವರೂ ಹುಡುಕ್ಕೊಂಡು ಹೋದ್ರೆ, ಅಪ್ಪ ಬಳ್ಳಿ ಕೆಳಗೆ ನಿಂತವ್ನೆ. ಕೈಯಲ್ಲಿ ಕಾಯಿ. ಬನ್ನಿ ಅಂತಾನೂ ಅನ್ನಲ್ಲ, ಹೋಗಿ ಅಂತಾನೂ ಅನ್ನಲ್ಲ, ಕಣ್ಣಲ್ಲಿ ನೀರು ಸುರೀತಾ ಐತೆ. ಕೆಳಗೆ ನೋಡ್ತಾರೆ, ಪಾದ ಇಲ್ಲ. ಪಾದದ ಜಾಗದಲ್ಲಿ ಬೇರು. ಮೊಣಕಾಲ ತನಕ ಮರದ ತೊಗಟೆ. ಕೆಂಚಿ ಗಾಬರಿ ಬಿದ್ದು ಸೊಂಟದ ಕತ್ತಿ ತೆಗೆದು ತೊಗಟೆಗೆ ಒಂದು ಏಟು ಹಾಕಿದ್ಳು, ಅದರಿಂದ ರಕ್ತ ಬಂತಂತೆ. ಅಪ್ಪ ಅಮ್ಮಾ ಅಂತ ಚೀರಿದ.

ಆವಾಗ ಹಕ್ಕಿಗಳೆಲ್ಲ ಗಪ್ಪಾದ್ವು. ಗಾಳಿ ನಿಂತ್ಹೋಯ್ತು. ಹಸಿ ಮಣ್ಣಿನ ವಾಸನೆ ಬಂತು, ಹೊಸದಾಗಿ ತೋಡಿದ ಗುಂಡಿಯಿಂದ ಬರ್ತದಲ್ಲ, ಅಂಥದ್ದು. ತಿರುಗಿ ನೋಡಿದ್ರೆ ಕಾಡವ್ವ. ಮುಖ ಕಾಣಲ್ಲ, ನೆಲ ಗುಡಿಸೋ ಕೂದಲು ಮುಚ್ಚಿಬಿಟ್ಟದೆ, ಕೂದಲೊಳಗಿಂದ ಎರಡು ಕೈ, ಒಂದೊಂದು ಉಗುರೂ ಗೇಣುದ್ದ. ಅವಳ ದನಿ ನೆಲದೊಳಗಿಂದ ಬಂತಂತೆ.

“ನನ್ನ ಮಕ್ಕಳನ್ನ ಹೊಟ್ಟೆಯಿಂದ ಕಿತ್ತನಲ್ಲ ನಿಮ್ಮಪ್ಪ. ಕಿತ್ತಿದ್ದು ಮೂರು ಜೀವ, ಒಂದಕ್ಕಾದ್ರೂ ಉಸಿರು ಬರಿಸಿ ತೋರಿಸಿ. ಒಬ್ಬೊಬ್ಬಳಿಗೆ ಒಂದೊಂದು ಬೀಜ, ಏಳೇಳು ಹಗಲು. ಆಗಲಿಲ್ವಾ, ನಿಮ್ಮಪ್ಪ ನಂಗೆ ಮರ.”

ಅಷ್ಟಂದು ಬಂಡೆ ಸಂದಿಗೆ ಹೋಗಿ ಕೂತ್ಕೊಂಡ್ಳು. ಕೂತಿರೋದು ಕಾಣಲ್ಲ, ಉಸಿರಾಡೋದು ಕೇಳ್ತದೆ. ಹೊದಿಕೆ ಬಾಯಿಗೆ ತುರುಕ್ಕೋಬೇಡ ನಾಗೂ, ಎಂಜಲಾಗ್ತದೆ.

ಮೊದಲು ಮಾರಿ. ಅವಳು ಬೇಸಾಯ ಬಲ್ಲೋಳು. ಹುತ್ತದ ಮಣ್ಣು ಜರಡಿ ಹಿಡಿದು, ಸಗಣಿ ಗೊಬ್ಬರ ಬೆರೆಸಿ, ಬೀಜಾನ ಹೂವಿನಂಗೆ ಎತ್ತಿ ಇಟ್ಟು, ಹೊತ್ತು ಹೊತ್ತಿಗೆ ನೀರು ಚಿಮುಕಿಸಿದ್ಳು. ಒಂದಿನ ಆಯ್ತು, ಎರಡು ದಿನ ಆಯ್ತು, ಆಮೇಲೆ ಏಳನೇ ದಿನ ಹೊತ್ತು ಮುಳುಗೋವಾಗ ಮಣ್ಣು ಕೆದಕಿ ನೋಡಿದ್ರೆ ಬೀಜ ಇಟ್ಟಂಗೇ ಮಿರಮಿರ ಅಂತಿತ್ತಂತೆ. ಒಂದು ತೊಟ್ಟು ನೀರೂ ಒಳಗಿಳಿದಿಲ್ಲ. ಬಂಡೆ ಸಂದಿಯಿಂದ ಆ ಕೈ ಬಂತು, ಬೀಜ ಎತ್ಕೊಂಡು ಹೋಯ್ತು. ಚಟಚಟ ಅಂತ ತೊಗಟೆ ಅಪ್ಪನ ಸೊಂಟದ ತನಕ ಏರಿತು.

ಆಮೇಲೆ ಕೆಂಚಿ. ಬೀಜಕ್ಕೆ ಕಾವು ಸಾಲದು ಅಂದ್ಕೊಂಡು, ಕೋಳಿ ಮೊಟ್ಟೆಗೆ ಕೂರೋ ಹಂಗೆ, ಬಟ್ಟೇಲಿ ಸುತ್ತಿ ಹೊಟ್ಟೆಗೆ ಕಟ್ಕೊಂಡ್ಳು. ಆರು ದಿನ ಬೋರಲು ಮಲಗಲಿಲ್ಲ, ಬಾಗಲಿಲ್ಲ. ಏನೂ ಇಲ್ಲ. ಏಳನೇ ದಿನ ದಿಕ್ಕು ತೋಚದೆ ಬಿಸಿ ಬೂದೀಲಿ ಹೂತಳು, ಕಾವು ಹೆಚ್ಚಾಗಿ ಬೀಜ ಫಟ್ ಅಂತ ಒಡೆದು ಸುಟ್ಟು ಕರಕಾಯ್ತು. ಅವತ್ತು ಕಾಡವ್ವ ಗೋಳಾಡಿದ್ದು ಏಳು ಬೆಟ್ಟಕ್ಕೆ ಕೇಳಿಸ್ತಂತೆ. ತೊಗಟೆ ಅಪ್ಪನ ಕುತ್ತಿಗೆಗೆ ಬಂತು.

ಉಳಿದಿದ್ದು ಒಂದೇ ಬೀಜ, ಜಡೆಮಾದಿದು. ಬೇಕೇ ಬೇಕು ಅಂತ ಅತ್ತಿದ್ಳಲ್ಲ, ಈಗ ಕೈಗೆ ತಗೊಂಡ್ರೆ ಕೆಂಡ ಹಿಡಿದಂಗಾಗೋದು. ನನ್ನಿಂದಲೇ ಅಪ್ಪನಿಗೆ ಈ ಗತಿ ಬಂತು, ನಾನೂ ಏನಾದ್ರೂ ಮಾಡಿ ಕೆಡಿಸಿದ್ರೆ ಅಂತ ಹೆದರಿ ಹೆದರಿ ಐದು ದಿನ ಸುಮ್ಮನೆ ಕಳೆದ್ಳಂತೆ. ಅಪ್ಪನಿಗೆ ಹುರುಳಿ ಮೊಳಕೆ ಬೇಯಿಸಿ, ಅರೆದು, ಗಂಜಿ ಮಾಡಿ ಬಾಯಿಗೆ ಬಿಡೋದೊಂದೇ ಕೆಲಸ.

ಆರನೇ ದಿನ ಬೆಳಗ್ಗೆ ಮೊಳಕೆ ಬಟ್ಟೆ ಬಿಚ್ಚಿದ್ಳು. ಹುರುಳೀಲಿ ಯಾವತ್ತೂ ನಾಲ್ಕು ಕಲ್ಲುಕಾಳು ಇರ್ತವೆ ನೋಡು, ಎಷ್ಟು ನೆನೆಸಿದ್ರೂ ಉಬ್ಬಲ್ಲ, ನಿಮ್ಮಮ್ಮ ಅವನ್ನ ಆರಿಸದೆ ಸಾರಿಗೆ ಹಾಕಿ ನನ್ನ ಹಲ್ಲು ಮುರಿಸ್ತಾಳೆ. ಜಡೆಮಾದಿ ಅಂಥ ಕಾಳನ್ನ ಎಸೀತಿರಲಿಲ್ಲ, ಒರಳುಕಲ್ಲಿನ ತರಿಗೆ ಒಂದು ಸಲ ಉಜ್ಜಿ ತಿರುಗಿ ನೀರಿಗೆ ಹಾಕೋಳು. ನಿನ್ನೆ ಉಜ್ಜಿ ಹಾಕಿದ್ದು ಇವತ್ತು ಉಬ್ಬಿ ಮೂತಿ ಹೊರಗೆ ಹಾಕಿತ್ತು. ನೋಡ್ತಾ ನೋಡ್ತಾ ಆ ಕೆಂಪು ಬೀಜಾನೂ ಕಲ್ಲುಕಾಳಿನಂಗೇ ಅಲ್ವಾ ಅನ್ನಿಸ್ತು, ಹಿಂದೇನೇ ಕಟ್ಟಳೆ ನೆನಪಾಯ್ತು. ಬಿತ್ತೋ ಬೀಜಕ್ಕೆ ಉಗುರೂ ತಾಗಬಾರದು. ಇವಳು ಕಲ್ಲಿಗೆ ಉಜ್ಜೋದಾ? ಒಳಗಿನ ಜೀವ ನಜ್ಜುಗುಜ್ಜಾದ್ರೆ ಅಪ್ಪ ಹೋದ.

ಒಂದು ತರಿಗಲ್ಲು, ಒಂದು ಸೋರೆಬುರುಡೆ ನೀರು ತಗೊಂಡು ಅಪ್ಪನ ಮುಂದೆ ಹೋಗಿ ನಿಂತ್ಳು. ತೊಗಟೆ ಗದ್ದಕ್ಕೆ ಬಂದಿತ್ತು, ಕೆಳದುಟಿ ಆಗಲೇ ಮರ. ಅಪ್ಪ, ಇದಕ್ಕೆ ಗಾಯ ಮಾಡ್ಲಾ ಅಂತ ಕೇಳಿದ್ಳು. ಅವನು ಇದ್ದಬದ್ದ ಉಸಿರೆಲ್ಲ ಕೂಡಿಸಿ ಹೇಳಿದನಂತೆ.

“ಕಣ್ಣಿರೋ ಕಡೆ ಬೇಡ ಮಗಳೇ. ಬೆನ್ನ ಕಡೆ ಉಜ್ಜು.”

ಬೀಜಕ್ಕೆ ಒಂದು ಕಣ್ಣಿರ್ತದೆ, ಕಾಯಿಗೆ ಅಂಟಿಕೊಂಡಿದ್ದ ಗುರುತು. ಮೊಳಕೆ ಬರೋದು ಆ ಮಗ್ಗುಲಲ್ಲಿ. ಜಡೆಮಾದಿ ಅದನ್ನ ಬೆರಳಲ್ಲಿ ಮುಚ್ಚಿಕೊಂಡು, ಕಣ್ಣು ಮುಚ್ಚಿ, ಬೆನ್ನನ್ನ ಕಲ್ಲಿಗೆ ಒತ್ತಿ ಒಂದು ಸಲ ಎಳೆದ್ಳು. ಕರ್ರ್ ಅಂತು. ಅಷ್ಟೇ, ಹಸಿ ಮಣ್ಣಿನ ವಾಸನೆ ಮೂಗಿಗೆ ಅಡರಿತು. ಬೆನ್ನಿಗೇ ಬಂದು ನಿಂತವ್ಳೆ ಕಾಡವ್ವ. ಆ ಗೇಣುದ್ದದ ಉಗುರು ಕುತ್ತಿಗೆ ಸುತ್ತ ಬಂತು, ಐಸಿನಂಗೆ ತಣ್ಣಗೆ. ನನ್ನ ಕೂಸನ್ನ ಕೊಲ್ತಾ ಇದೀಯಾ ಅಂತ ಕಿವಿಯಲ್ಲಿ ಗುರುಗುಟ್ಟಿದ್ಳು. ಅಕ್ಕಂದಿರು ಬೇಡ ಕಣೇ, ಬಿಡೇ ಅಂತ ದೂರದಲ್ಲಿ ನಿಂತು ಅಳ್ತಾವ್ರೆ. ಜಡೆಮಾದಿ ಬೀಜ ಬಿಡದೆ ಇನ್ನೊಂದು ಸಲ ಎಳೆದ್ಳು. ಉಗುರು ಚುಚ್ಚಿ ರಕ್ತ ಬಂತು. ಮೂರನೇ ಸಲ ಎಳೆದ್ಳು. ಕೆಂಪು ಸಿಪ್ಪೆ ಸವೆದು ಎಳ್ಳಿನಷ್ಟು ಬಿಳಿ ಕಾಣಿಸ್ತು. ಅಲ್ಲಿಗೆ ಕೈ ತಡೆದು, ಬೀಜಾನ ಬುರುಡೆ ನೀರಿಗೆ ಬಿಟ್ಳು.

ಕಾಡವ್ವ ಎದುರಿಗೆ ಕುಕ್ಕರುಗಾಲಲ್ಲಿ ಕೂತ್ಳು, ಮೊಳಕೆ ಬರದಿದ್ರೆ ಅಲ್ಲೇ ಸೀಳಿಹಾಕೋ ಹಂಗೆ. ಹಗಲು ಮುಗೀತು, ಮಾರನೇ ಹಗಲೂ ಏರಿ ಇಳೀತು. ತೊಗಟೆ ಅಪ್ಪನ ಮೂಗು ದಾಟಿ ಕಣ್ಣಿಗೆ ಬರ್ತಾ ಐತೆ. ಬೀಜ ನೀರು ಕುಡಿದು ಕುಡಿದು ಎರಡರಷ್ಟಾಯ್ತು, ಸಿಪ್ಪೆ ಸುಕ್ಕಾಯ್ತು, ಆಮೇಲೆ ಇನ್ನೇನು ಹೊತ್ತು ಕಂತಬೇಕು ಅನ್ನೋವಾಗ, ಕಣ್ಣಿನ ಪಕ್ಕದಲ್ಲಿ ಚೂರೇ ಚೂರು ಬಿರಿದು, ಬೆಳ್ಳಗೆ, ಎಳೇ ಬೇರು ಹೊರಗೆ ಬಂತಂತೆ.

ಕಾಡವ್ವ ಬಗ್ಗಿ ನೋಡಿದ್ಳು. ಆಮೇಲೆ ಎದ್ದು ಬಂಡೆ ಸಂದಿಗೆ ಹೋಗಿ, ಮಡಿಲು ತುಂಬ ಬೀಜ ತಂದು ಸುರಿದ್ಳು. ನೂರಾರು ವರ್ಷದಿಂದ ಕೊರಕಲಲ್ಲಿ ಆಯ್ದು, ಹಕ್ಕಿ ಪುಕ್ಕದ ಮೇಲೆ ಮಲಗಿಸಿ, ಉಗುರು ತಾಗದಂಗೆ ಕಾದು ಇಟ್ಕೊಂಡಿದ್ದ ಬೀಜ. ಒಂದೂ ಮೊಳೆತಿರಲಿಲ್ಲ. ಬೆಟ್ಟಕ್ಕೆಲ್ಲ ಒಂದೇ ಬಳ್ಳಿ ಆಗಿದ್ದು ಯಾಕೆ ಅಂತ ಅವಳಿಗೆ ಆವತ್ತು ಗೊತ್ತಾಯ್ತು.

“ಇಷ್ಟೇನಾ?” ಅಂದ್ಳಂತೆ. “ಇಷ್ಟೇ ಮಾಡ್ಬೇಕಿತ್ತಾ ನಾನು?”

ಅಂದು ನೆಲಕ್ಕೆ ಕುಸಿದು ಕೂತ್ಕೊಂಡು ಅತ್ತಳು. ಜಡೆಮಾದಿಗೆ ಹೆದರಿಕೆ ಹೋಗಿರಲಿಲ್ಲ, ಕುತ್ತಿಗೆಯಿಂದ ಇನ್ನೂ ರಕ್ತ ಸೋರ್ತಿತ್ತು. ಆದ್ರೂ ಹತ್ತಿರ ಸರಿದು, ಒಂದು ಬೀಜ ಎತ್ತಿ ಆ ಉಗುರಿನ ಕೈಲಿಟ್ಟು, ಆ ಕೈನ ಹಿಡಿದು ಕಲ್ಲಿನ ಹತ್ತಿರಕ್ಕೆ ತಂದ್ಳು. ಕಾಡವ್ವ ತಾನೇ ಬೀಜದ ಬೆನ್ನನ್ನ ಕಲ್ಲಿಗೆ ಒತ್ತಿದ್ಳಂತೆ.

ಮೊದಲನೇ ಸಲ ಉಜ್ಜುತ್ಲೂ ಅಪ್ಪನ ಮುಖದಿಂದ ತೊಗಟೆ ಕಳಚಿತು, ಎರಡನೇ ಸಲಕ್ಕೆ ಮೈಯಿಂದ, ಮೂರನೇ ಸಲಕ್ಕೆ ಪಾದದಿಂದ. ಬೇದಯ್ಯ ದೊಪ್ಪಂತ ಬಿದ್ದ, ಮೂರು ಮಕ್ಕಳೂ ಓಡಿಹೋಗಿ ಅವನನ್ನ ಎತ್ಕೊಂಡ್ರು. ಆಮೇಲೆ ಆ ಮಳೆಗಾಲ ಪೂರ್ತಿ ಅಪ್ಪ, ಮಕ್ಕಳು, ಕಾಡವ್ವ ಎಲ್ಲ ಒಟ್ಟಿಗೆ ಕೂತು ಬೀಜ ಉಜ್ಜಿದ್ರಂತೆ, ಬೆಟ್ಟದ ತುಂಬ ಸಿಡಿಕಾಯಿ ಬಳ್ಳಿ ಹಬ್ಬಿತಂತೆ. ಅವರು ಆ ಬೆಟ್ಟದಲ್ಲಿ ತಣ್ಣಗೆ ಉಳಕೊಂಡ್ರು, ನಾವು ಈ ಚಾಪೆ ಮೇಲೆ ಬೆಚ್ಚಗೆ ಉಳಕೊಂಡ್ವಿ. ಕತೆ ಅಲ್ಲಿಗೆ ನಿಂತಿತು, ಕಣ್ಣು ಮುಚ್ಚು ಮಗಾ.