ರಂಜಕದ ಉಪ್ಪು

ಕರೇಹಳ್ಳದ ಮಠಕ್ಕೆ ಆಗ ಹೆಂಚೂ ಇರಲಿಲ್ಲ. ಪೂಜ್ಯ ಶಾಂತಯ್ಯಜ್ಜನವರು ದಾಸೋಹದ ಚಪ್ಪರದಡಿ ಗೋಣಿಚೀಲ ಹಾಸಿಕೊಂಡು, ಹೆಂಗಸರ ಜೊತೆ ಹಣ್ಣು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದರು. ಕೈ ಉರಿಯುತ್ತದೆ, ಬಿಡಿ ಎಂದರೆ ಸುಮ್ಮನೆ ನಗುತ್ತಿದ್ದರು.

ವರ್ಷಕ್ಕೊಂದು ದಿನ ಊರಿನ ಪ್ರತಿ ಮನೆಯಿಂದ ಮಠಕ್ಕೆ ಒಂದು ಗಡಿಗೆ ರಂಜಕ ಬರುತ್ತಿತ್ತು. ಮೆಣಸಿನಕಾಯಿ, ಬೆಳ್ಳುಳ್ಳಿ, ಮೆಂತ್ಯ, ಉಪ್ಪು ಹಾಕಿ ಕುಟ್ಟಿ ನಿಂಬೆರಸ ಹಿಂಡಿದ ರಂಜಕ. ಎಲ್ಲವನ್ನೂ ಒಂದೇ ಭರಣಿಗೆ ಸುರಿದರೆ ಬಂದ ಭಕ್ತರ ರೊಟ್ಟಿಗೆ ವರ್ಷಪೂರ್ತಿ ಆಗುತ್ತಿತ್ತು. ಆದರೆ ಒಂದು ಮನೆಯದಕ್ಕೆ ಉಪ್ಪು ಕಡಿಮೆಯಾದರೂ ಇಡೀ ಭರಣಿಗೆ ಬೂಷ್ಟು ಹಿಡಿಯುತ್ತದೆ. ಅದಕ್ಕೇ ಬಸಲಿಂಗವ್ವ ಎಂಬ ಮುದುಕಿ ಒಂದೊಂದನ್ನೂ ನೆಕ್ಕಿ ನೋಡಿ, ‘ಹಾಕ್ರಿ’ ಎಂದ ಮೇಲೆಯೇ ಸುರಿಯಬೇಕು. ಇಪ್ಪತ್ತು ವರ್ಷದಿಂದ ಆಕೆಯ ಮಾತಿಗೆ ಎದುರಿರಲಿಲ್ಲ.

ಆ ವರ್ಷ ಮೊದಲು ದೇಸಾಯರ ಮನೆಯ ಗಡಿಗೆ ಅವರ ಸೊಸೆಯ ಕೈಯಲ್ಲಿ ಬಂತು. ಬಸಲಿಂಗವ್ವ ಬೆರಳು ನೆಕ್ಕಿ, "ಬಂಗಾರ ಆಗೇತಿ, ಬದಿಗಿಡ್ರಿ" ಎಂದಳು. ದೊಡ್ಡ ಮನೆಯ ಗಡಿಗೆಯ ರುಚಿ ಮುಚ್ಚಳ ತೆಗೆಯುವ ಮೊದಲೇ ಗೊತ್ತಾಗುವವರು ಎಲ್ಲ ಊರಲ್ಲೂ ಇರುತ್ತಾರೆ.

ಆಮೇಲೆ ನೇಕಾರರ ಹೊಸ ಸೊಸೆ ದ್ಯಾಮವ್ವ ಬಂದಳು. ಅವಳ ರಂಜಕದ ಬಣ್ಣ ಸ್ವಲ್ಪ ಕಪ್ಪು.

"ಇದಕ್ಕ ಉಪ್ಪು ಸಾಲದು. ಹೊಳ್ಳಿ ಒಯ್ಯಿ."

"ನಾ ಎರಡು ಸಲ ನೆಕ್ಕಿ ನೋಡೇನ್ರಿ, ಅಮ್ಮಾರ."

"ನಿನ್ನೆ ಬಂದಾಕಿ ನನಗ ಕಲಿಸ್ತೀಯೇನ?"

"ತವರಿನ್ಯಾಗ ಉಪ್ಪಿನ ಬರ ಇತ್ತೇನವ್ವಾ!" ಎಂದು ಯಾರೋ ನಕ್ಕರು. ಗಡಿಗೆ ವಾಪಸ್ಸು ಹೋದರೆ ಅತ್ತೆಯ ಮನೆಯಲ್ಲಿ ಏನು ಕಾದಿದೆಯೆಂದು ಆ ಹುಡುಗಿಗೆ ಗೊತ್ತಿತ್ತು. ಕಣ್ಣು ತುಂಬಿ ಬಂತು.

"ಇಲ್ಲಿ ತಾ ತಂಗಿ," ಎಂದರು ಅಜ್ಜನವರು. ಬೆರಳ ತುದಿಯಲ್ಲಿ ನೆಕ್ಕಿದರು. ಎಳೆಮಗುವಿಗೂ ತಿಳಿಯುವಷ್ಟು ಉಪ್ಪಿತ್ತು. ಹುಡುಗಿಯನ್ನು ಕೈ ತೊಳೆಯಲು ಕಳಿಸಿ, ಬಸಲಿಂಗವ್ವನ ಪಕ್ಕಕ್ಕೆ ಸರಿದು ಅವಳಿಗೊಬ್ಬಳಿಗೇ ಕೇಳುವಂತೆ ಅಂದರು:

"ಎಂದಿನಿಂದ, ಬಸಲಿಂಗವ್ವಾ?"

"ಆಷಾಢದ ಜ್ವರ ಬಿಟ್ಟ ಮ್ಯಾಲಿಂದ, ಅಜ್ಜಾರ. ಉಪ್ಪೂ ಮಣ್ಣೂ ಒಂದಾಗೇತಿ. ಬಣ್ಣ ನೋಡ್ತೀನಿ, ಮನಿ ನೋಡ್ತೀನಿ, ಹೇಳ್ತೀನಿ. ಇದೊಂದು ದಿನ ಊರವರು ನನ್ನ ಕರಿಯಾಕ ಬರ್ತಾರ. ಇದೂ ಹೋದ್ರ ನಾ ಮೂಲ್ಯಾಗಿನ ಕಸಬರಿಗಿ."

"ರುಚೀನ ಜ್ವರ ಒಯ್ತು. ಸುಳ್ಳು ಯಾರು ತಂದ್ರು?"

ಅಜ್ಜನವರು ತಮ್ಮ ಗೋಣಿಚೀಲಕ್ಕೆ ಮರಳಿದರು. ಮೆಣಸಿನಕಾಯಿಯ ತೊಟ್ಟು ಮುರಿಯತೊಡಗಿದರು.

ಬಸಲಿಂಗವ್ವ ಎದ್ದು, ಕೈ ತೊಳೆದು ಬಂದ ದ್ಯಾಮವ್ವನ ಕೈಯನ್ನು ಅಷ್ಟು ಜನರೆದುರಿಗೆ ಹಿಡಿದುಕೊಂಡಳು. "ನನ್ನ ನಾಲಗಿ ಸತ್ತು ಆರು ತಿಂಗಳಾತು. ಈ ಕೂಸಿನ ಮ್ಯಾಲೆ ಸುಳ್ಳು ಹೇಳಿದೆ. ತಂಗಿ, ದೇಸಾಯರ ಗಡಿಗಿ ನೀ ನೋಡು."

ದ್ಯಾಮವ್ವ ಹೆದರುತ್ತಲೇ ನೆಕ್ಕಿದಳು. "ಉಪ್ಪ ಇಲ್ರಿ," ಎಂದಳು.

ಬಸಲಿಂಗವ್ವನೇ ಆ ಗಡಿಗೆಯನ್ನು ಎತ್ತಿ ದೇಸಾಯರ ಸೊಸೆಯ ಕೈಗಿಟ್ಟಳು. "ಉಪ್ಪು ಹಾಕ್ಕೊಂಡು ಬರ್ರಿ ತಾಯಿ. ಮಠದ ಭರಣಿ ಇದು."

ಬಸಲಿಂಗವ್ವ ಅಂಜಿದಂತೆ ಊರು ಅವಳನ್ನು ಮೂಲೆಗೆ ಕೂರಿಸಲಿಲ್ಲ. ಮುಂದೆ ಬದುಕಿರುವ ತನಕ, ರಂಜಕದ ದಿನ ದ್ಯಾಮವ್ವನ ಮಗ್ಗುಲಲ್ಲಿ ಕುಳಿತು, ಯಾರೂ ಮುಚ್ಚಳ ತೆಗೆಯುವ ಮೊದಲೇ ಗಟ್ಟಿಯಾಗಿ ಹೇಳುತ್ತಿದ್ದಳು: "ನನಗ ರುಚಿ ತಿಳಿಯೂದಿಲ್ಲ. ಈಕಿನ್ನ ಕೇಳ್ರಿ."